ಯಾವುದರಿಂದ ಆರಂಭಿಸಬೇಕು: ಏಳು ಸೂಪರ್‌ಹೀರೋ ಅನಿಮೇಷನ್ ಸರಣಿಗಳ ಹೋಲಿಕೆ

ಸೂಪರ್‌ಹೀರೋ ಅನಿಮೇಷನ್ ಸರಣಿಗಳ ಬಗ್ಗೆ ಅಭಿಮಾನಿಗಳು ಮಾತಿಗೆ ಕುಳಿತಾಗ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಷ್ಟೊಂದು ಇವೆಯಲ್ಲ, ಯಾವುದರಿಂದ ಆರಂಭಿಸಲಿ? ಪ್ರಶ್ನೆ ಒಂದೇ ಆದರೂ ಕೇಳುವವರು ಬೇರೆ ಬೇರೆ. ಒಬ್ಬರಿಗೆ ಮೂರನೆಯ ತರಗತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದು ಬೇಕು. ಇನ್ನೊಬ್ಬರು 2000ರ ದಶಕದಲ್ಲಿ ಶಾಲೆಯಿಂದ ಬಂದು ಚೀಲ ಬಿಸಾಡಿ ಕಾರ್ಟೂನ್ ನೆಟ್‌ವರ್ಕ್ ಹಾಕಿಕೊಂಡು ಅರ್ಧಂಬರ್ಧ ನೋಡಿದ್ದನ್ನು ಈಗ ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂದಿದ್ದಾರೆ. ಮತ್ತೊಬ್ಬರು ಕಾರ್ಟೂನ್ ಎಂದರೆ ಮಕ್ಕಳದ್ದು ಎಂದು ಇಷ್ಟು ವರ್ಷ ದೂರವಿಟ್ಟು, ಸ್ನೇಹಿತರ ಒತ್ತಾಯಕ್ಕೆ ಒಂದೇ ಒಂದನ್ನು ನೋಡಲು ಒಪ್ಪಿಕೊಂಡಿದ್ದಾರೆ. ಮೂವರಿಗೂ ಒಂದೇ ಹೆಸರು ಹೇಳಿ ಕಳುಹಿಸಿದರೆ ಇಬ್ಬರಾದರೂ ಎರಡನೆಯ ಕಂತಿನಲ್ಲಿ ಕೈಬಿಡುತ್ತಾರೆ. ಆದ್ದರಿಂದ ಇಲ್ಲಿ ಶ್ರೇಷ್ಠ ಯಾವುದು ಎಂಬ ತೀರ್ಪು ಕೊಡಲು ಹೋಗದೆ, ಯಾರಿಗೆ ಯಾವುದು ಒಗ್ಗುತ್ತದೆ, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನಷ್ಟೇ ತೂಗಿ ನೋಡಿದ್ದೇನೆ. ಬಿಡಿ ಕಥೆಗಳ ವಿವರವನ್ನು ಅಲ್ಲಲ್ಲಿ ಹೇಳಿದ್ದೇನೆ. ದೀರ್ಘ ಕಥೆಗಳ ಗುಟ್ಟುಗಳನ್ನು ಒಡೆದಿಲ್ಲ.

ತೂಗುವ ಅಳತೆಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಥೆಯನ್ನು ಹೆಣೆದ ರೀತಿಯನ್ನು. ಕೆಲವು ಸರಣಿಗಳು ಬಿಡಿ ಹೂವಿನಂತೆ: ಒಂದು ಕಂತು 22 ನಿಮಿಷದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ, ಯಾವುದನ್ನು ಮೊದಲು ಎತ್ತಿಕೊಂಡರೂ ನಷ್ಟವಿಲ್ಲ. ಇನ್ನು ಕೆಲವು ಕಟ್ಟಿದ ಹೂವು. ಮಧ್ಯದಲ್ಲಿ ಒಂದು ಗಂಟು ಬಿಚ್ಚಿದರೆ ಉಳಿದದ್ದು ನಿಲ್ಲುವುದಿಲ್ಲ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಸಿಗುವವರಿಗೂ ಶನಿವಾರ ರಾತ್ರಿ ಕುಳಿತರೆ ಏಳದವರಿಗೂ ಒಂದೇ ಬಗೆಯ ಹೆಣಿಗೆ ಸಲ್ಲುವುದಿಲ್ಲ.

ಎರಡನೆಯದಾಗಿ, ನಡೆದದ್ದರ ಪರಿಣಾಮ ಉಳಿಯುತ್ತದೆಯೇ ಎಂದು ಕೇಳಬೇಕು. ಒಂದು ಕಂತಿನಲ್ಲಿ ಸ್ನೇಹಿತನಿಗೆ ಮೋಸ ಮಾಡಿದವನು ಮುಂದಿನ ಕಂತಿನಲ್ಲಿ ಏನೂ ಆಗಲಿಲ್ಲವೆಂಬಂತೆ ಅವನ ಪಕ್ಕದಲ್ಲಿ ಹಾರುತ್ತಿದ್ದರೆ, ಆ ಪಾತ್ರಕ್ಕೆ ನೆನಪೇ ಇಲ್ಲವೆಂದಾಯಿತು. ಮೂರನೆಯದು, ಎದುರಾಳಿಗೆ ಸಿಗುವ ನ್ಯಾಯ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೌರವನಿಗೂ ತನ್ನ ವಾದವನ್ನು ಪೂರ್ತಿ ಮಂಡಿಸುವ ಅರ್ಥಗಾರಿಕೆ ಇರುತ್ತದೆ, ಅದು ಸೊರಗಿದರೆ ಭೀಮನ ಗೆಲುವೂ ಸೊರಗುತ್ತದೆ. ಇವುಗಳ ಜೊತೆಗೆ ಸಮಯ, ಹಣ, ಭಾಷೆ, ಪಕ್ಕದಲ್ಲಿ ಕುಳಿತವರ ವಯಸ್ಸು, ಸರಣಿ ನೆಟ್ಟಗೆ ಮುಗಿದಿದೆಯೇ ಅಥವಾ ನಡುದಾರಿಯಲ್ಲಿ ನಿಂತಿದೆಯೇ ಎಂಬ ಲೌಕಿಕ ಲೆಕ್ಕಗಳೂ ಇವೆ. ಯಾರ ವಿರುದ್ಧ ಯಾರು ಗೆಲ್ಲುತ್ತಾರೆ ಎಂಬ ಚರ್ಚೆಯನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಆ ವಾರದ ಕಂತನ್ನು ಬರೆದವರು ಯಾರನ್ನು ಗೆಲ್ಲಿಸಬೇಕೆಂದುಕೊಂಡರೋ ಅವರೇ ಗೆಲ್ಲುತ್ತಾರೆ. ಅದರ ಮೇಲೆ ರಾತ್ರಿಯಿಡೀ ವಾದಿಸುವುದು ಸುಖವೇ ಹೊರತು ಆಯ್ಕೆಗೆ ಉಪಯೋಗವಿಲ್ಲ.

ಬ್ಯಾಟ್‌ಮನ್: ದಿ ಅನಿಮೇಟೆಡ್ ಸೀರೀಸ್

1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾಗಿ 1995ರವರೆಗೆ 85 ಕಂತುಗಳಲ್ಲಿ ಬಂದ ಈ ಸರಣಿ ಬಿಡಿ ಹೂವಿನ ಬುಟ್ಟಿ. ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ಇದನ್ನು ರೂಪಿಸಿದರು. ಹಿನ್ನೆಲೆಯ ಚಿತ್ರಗಳನ್ನು ಬಿಳಿಯ ಬದಲು ಕಪ್ಪು ಕಾಗದದ ಮೇಲೆ ಬರೆಸಿದ್ದರಿಂದ ಗಾಥಮ್ ನಗರ ಕತ್ತಲೆಯೊಳಗಿಂದಲೇ ಎದ್ದು ಬಂದಂತೆ ಕಾಣುತ್ತದೆ. ಆರಂಭದ ದೃಶ್ಯಗಳಲ್ಲಿ ಸರಣಿಯ ಹೆಸರನ್ನೇ ತೋರಿಸುವುದಿಲ್ಲ. ಮಿಂಚು ಹೊಡೆದಾಗ ಕಟ್ಟಡದ ತುದಿಯಲ್ಲಿ ನಿಂತ ಆಕೃತಿಯನ್ನು ನೋಡಿಯೂ ಯಾರೆಂದು ತಿಳಿಯದವರಿಗೆ ಹೆಸರು ಹೇಳಿ ಪ್ರಯೋಜನವಿಲ್ಲ ಎಂಬ ಆತ್ಮವಿಶ್ವಾಸ ಅದರಲ್ಲಿದೆ. ಕಂಠದಾನ ಮಾಡಿದ ಕೆವಿನ್ ಕಾನ್ರಾಯ್ ಬ್ರೂಸ್ ವೇಯ್ನ್‌ಗೆ ಒಂದು ದನಿ, ಬ್ಯಾಟ್‌ಮನ್‌ಗೆ ಇನ್ನೊಂದು ದನಿ ಇಟ್ಟುಕೊಂಡರು. ಎರಡರಲ್ಲಿ ಬ್ರೂಸ್‌ನ ಹಗುರವಾದ ದನಿಯೇ ವೇಷ ಎಂಬುದು ಕೇಳುತ್ತ ಕೇಳುತ್ತ ಅರಿವಾಗುತ್ತದೆ.

ಎದುರಾಳಿಗೆ ನ್ಯಾಯ ಎಂಬ ಅಳತೆಯಲ್ಲಿ ಇದನ್ನು ಮೀರಿಸಿದ ಇನ್ನೊಂದು ಸರಣಿಯನ್ನು ನಾನು ನೋಡಿಲ್ಲ. ಪಾಲ್ ಡಿನಿ ಬರೆದ 'ಹಾರ್ಟ್ ಆಫ್ ಐಸ್' ಎಂಬ ಕಂತನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಿಸ್ಟರ್ ಫ್ರೀಜ್ ಎಂಬ ಖಳ ಅದಕ್ಕೆ ಮೊದಲು ಕಾಮಿಕ್ಸ್‌ನಲ್ಲಿ ಹಿಮದ ಬಂದೂಕು ಹಿಡಿದು ಓಡಾಡುವ ಸಾಮಾನ್ಯ ಕಳ್ಳ. ಡಿನಿ ಅವನಿಗೆ ನೋರಾ ಎಂಬ ಹೆಂಡತಿಯನ್ನು ಕೊಟ್ಟರು. ಆಕೆಗೆ ವಾಸಿಯಾಗದ ಕಾಯಿಲೆ. ವಿಜ್ಞಾನಿಯಾದ ಗಂಡ, ಔಷಧ ಸಿಗುವವರೆಗೆ ಇರಲಿ ಎಂದು ಆಕೆಯ ದೇಹವನ್ನು ಹಿಮದ ಪೆಟ್ಟಿಗೆಯಲ್ಲಿ ಕಾಪಾಡಿಟ್ಟಿರುತ್ತಾನೆ. ಖರ್ಚು ಹೆಚ್ಚಾಯಿತೆಂದು ಕಂಪನಿಯ ಮುಖ್ಯಸ್ಥ ಅದನ್ನು ನಿಲ್ಲಿಸಲು ಬರುತ್ತಾನೆ. ಆ ಜಗಳದಲ್ಲಿ ವಿಜ್ಞಾನಿ ಶೀತದ್ರವಕ್ಕೆ ಸಿಕ್ಕಿ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಲ್ಲದೆ ಬದುಕಲಾರದವನಾಗುತ್ತಾನೆ. ಮುಂದೆ ಅದೇ ಮುಖ್ಯಸ್ಥನಿಗೆ ವರ್ಷದ ಮಾನವತಾವಾದಿ ಎಂಬ ಸನ್ಮಾನ ನಡೆಯುವ ಸಭೆಗೆ ಫ್ರೀಜ್ ನುಗ್ಗುತ್ತಾನೆ. ಬ್ಯಾಟ್‌ಮನ್‌ಗೆ ಅಂದು ಸಾಲದ್ದಕ್ಕೆ ನೆಗಡಿ. ಮನೆಯ ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಬಿಸಿ ಕೋಳಿ ಸೂಪು ತುಂಬಿ ಕಳುಹಿಸಿರುತ್ತಾನೆ. ಕೊನೆಯಲ್ಲಿ ಫ್ರೀಜ್‌ನ ಗಾಜಿನ ಶಿರಸ್ತ್ರಾಣವನ್ನು ಒಡೆಯುವುದು ಯಾವ ದಿವ್ಯಾಸ್ತ್ರವೂ ಅಲ್ಲ, ಆ ಸೂಪಿನ ಫ್ಲಾಸ್ಕು. ನಗು ಬರುವಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ಸೆರೆಯ ಕೋಣೆಯಲ್ಲಿ ಗಾಜಿನ ಗೋಳದೊಳಗಿನ ಪುಟ್ಟ ನರ್ತಕಿಯನ್ನು ಕೈಯಲ್ಲಿ ಹಿಡಿದು ಅವನು ಹೆಂಡತಿಯ ಕ್ಷಮೆ ಕೇಳುತ್ತಾನೆ. ಇದನ್ನು ಅಕ್ಕನ ಒಂಬತ್ತು ವರ್ಷದ ಮಗನೊಂದಿಗೆ ನೋಡಿದಾಗ ಅವನು ಕೇಳಿದ್ದು, "ಮಾಮ, ಹಾಗಾದ್ರೆ ಕಳ್ಳ ಯಾರು?" ಈ ಕಂತಿನ ಬರವಣಿಗೆಗೆ ಡಿನಿ ಅವರಿಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು, ನೋರಾಳ ಕಥೆಯನ್ನು ಆಮೇಲೆ ಕಾಮಿಕ್ಸ್‌ನವರೇ ತಮ್ಮದಾಗಿಸಿಕೊಂಡರು. ಹಾರ್ಲಿ ಕ್ವಿನ್ ಹುಟ್ಟಿದ್ದೂ ಇದೇ ಸರಣಿಯಲ್ಲಿ. ಜೋಕರನ ಪಕ್ಕದಲ್ಲಿ ನಿಲ್ಲಲು ಒಬ್ಬಳು ಬೇಕೆಂದು ಸೃಷ್ಟಿಸಿದ ಸಣ್ಣ ಪಾತ್ರ ಕಾಮಿಕ್ಸ್, ಸಿನಿಮಾಗಳವರೆಗೆ ಬೆಳೆದು ನಿಂತಿತು.

ಬಿಟ್ಟುಕೊಡಬೇಕಾದದ್ದು ಏನೆಂದರೆ ಬೆಳವಣಿಗೆ. ಎಂಬತ್ತೈದನೆಯ ಕಂತಿನ ಬ್ಯಾಟ್‌ಮನ್ ಮೊದಲನೆಯ ಕಂತಿನ ಬ್ಯಾಟ್‌ಮನ್‌ನಿಂದ ಹೆಚ್ಚು ಬೇರೆಯಲ್ಲ. ಎಲ್ಲ ಕಂತುಗಳೂ ಒಂದೇ ಮಟ್ಟದಲ್ಲಿಲ್ಲ. ಆರಂಭದ ಕೆಲವನ್ನು ಈಗ ನೋಡಿದರೆ ಸಪ್ಪೆ ಎನಿಸುತ್ತದೆ. ಕ್ರಮವಾಗಿ ನೋಡಲೇಬೇಕೆಂಬ ಹಟವಿಲ್ಲದಿದ್ದರೆ ಸುಮಾರು ಇಪ್ಪತ್ತು ಒಳ್ಳೆಯ ಕಂತುಗಳನ್ನು ಆರಿಸಿ ಏಳೆಂಟು ಗಂಟೆಯಲ್ಲಿ ಇದರ ಸಾರವನ್ನು ಪಡೆಯಬಹುದು. 'ಹಾರ್ಟ್ ಆಫ್ ಐಸ್', ಎರಡು ಭಾಗಗಳ 'ಟೂ-ಫೇಸ್' ಮತ್ತು 'ರಾಬಿನ್ಸ್ ರೆಕನಿಂಗ್', ಖಳರೆಲ್ಲ ಇಸ್ಪೀಟಾಡುತ್ತ ಬ್ಯಾಟ್‌ಮನ್‌ನನ್ನು ಮುಗಿಸಲು ತಾವು ಎಷ್ಟು ಸಮೀಪ ಬಂದಿದ್ದೆವೆಂದು ಹೇಳಿಕೊಳ್ಳುವ 'ಆಲ್ಮೋಸ್ಟ್ ಗಾಟ್ ಇಮ್' ಆ ಪಟ್ಟಿಯಲ್ಲಿ ಇರಲೇಬೇಕು.

ಎಕ್ಸ್‌-ಮೆನ್, ಹಳೆಯದು ಮತ್ತು ಹೊಸದು

ಅದೇ 1992ರಲ್ಲಿ ಅದೇ ವಾಹಿನಿಯಲ್ಲಿ ಆರಂಭವಾದರೂ ಎಕ್ಸ್‌-ಮೆನ್ ಹಿಡಿದದ್ದು ತದ್ವಿರುದ್ಧ ದಾರಿಯನ್ನು. ಐದು ಸೀಸನ್, 76 ಕಂತು, ಒಂದರೊಳಗೊಂದು ಹೊಕ್ಕ ಉದ್ದನೆಯ ಕಥೆಗಳು. ಮೊದಲ ಕಥೆಯಲ್ಲಿಯೇ ತಂಡದ ಒಬ್ಬನನ್ನು ಕಳೆದುಕೊಂಡು ಆಟ ಸುಮ್ಮನೆ ಅಲ್ಲವೆಂದು ತೋರಿಸಿಬಿಡುತ್ತದೆ. ಹುಟ್ಟಿನಿಂದಲೇ ಬೇರೆಯಾದವರನ್ನು ಸಮಾಜ ಹೇಗೆ ಕಾಣುತ್ತದೆ ಎಂಬುದು ಇದರ ಮೂಲ ಪ್ರಶ್ನೆ, ಅದನ್ನು ಎಲ್ಲಿಯೂ ಕೈಬಿಡುವುದಿಲ್ಲ. ಆದರೆ ಚಿತ್ರಗಳ ಚಲನೆ ಬಿಗಿ, ಮಾತು ನಾಟಕದ ವೇದಿಕೆಯ ಮೇಲಿನಂತೆ ಎತ್ತರದ ದನಿಯದು. ಕೆಲವು ಕಂತುಗಳು ಪ್ರಸಾರವಾಗುವಾಗ ಕ್ರಮ ತಪ್ಪಿದವು. ಬಾಲ್ಯದ ನೆನಪಿನ ಆಸರೆ ಇಲ್ಲದೆ ಇಂದು ಮೊದಲ ಸಲ ನೋಡುವವರಿಗೆ ತಾಳ್ಮೆ ಬೇಕು.

ಇದರ ಮುಂದುವರಿಕೆಯಾಗಿ 2024ರಲ್ಲಿ ಬಂದ 'ಎಕ್ಸ್‌-ಮೆನ್ '97' ಹತ್ತೇ ಕಂತುಗಳದ್ದು, ಹಳೆಯ ಕಂಠಗಳಲ್ಲಿ ಹಲವನ್ನು ಉಳಿಸಿಕೊಂಡದ್ದು. ಅದರ ಐದನೆಯ ಕಂತು 'ರಿಮೆಂಬರ್ ಇಟ್' ಬಂದ ವಾರ ಅಭಿಮಾನಿಗಳ ನಡುವೆ ಬೇರೆ ಮಾತೇ ಇರಲಿಲ್ಲ. ಹಳೆಯ 76 ಕಂತುಗಳನ್ನು ನೋಡದೆ ನೇರವಾಗಿ ಇದಕ್ಕೆ ಬರಬಹುದೇ ಎಂದು ಕೇಳುವವರುಂಟು. ಕಥೆ ಅರ್ಥವಾಗುತ್ತದೆ, ಪೆಟ್ಟು ಮಾತ್ರ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಮೊದಲ ಸೀಸನ್ನಿನ 13 ಕಂತುಗಳನ್ನು ನೋಡಿ ಅಲ್ಲಿಂದ '97ಕ್ಕೆ ಹಾರುವುದು ನಡುವಿನ ದಾರಿ; ಒಟ್ಟು ಹತ್ತು, ಹನ್ನೊಂದು ಗಂಟೆಯಲ್ಲಿ ಮುಗಿಯುತ್ತದೆ.

ಜಸ್ಟಿಸ್ ಲೀಗ್ ಮತ್ತು ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್

ಬ್ಯಾಟ್‌ಮನ್ ಸರಣಿ ಮಾಡಿದ ಬಳಗವೇ 2001ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೆ ಇದನ್ನು ತಂದಿತು. ಸೂಪರ್‌ಮನ್, ಬ್ಯಾಟ್‌ಮನ್, ವಂಡರ್ ವುಮನ್, ಫ್ಲಾಶ್, ಗ್ರೀನ್ ಲ್ಯಾಂಟರ್ನ್ ಆಗಿ ಜಾನ್ ಸ್ಟುವರ್ಟ್, ಹಾಕ್‌ಗರ್ಲ್, ಮಾರ್ಷಿಯನ್ ಮ್ಯಾನ್‌ಹಂಟರ್ ಎಂಬ ಏಳು ಜನರ 52 ಕಂತು. 2004ರಿಂದ 2006ರವರೆಗೆ ಹತ್ತಾರು ಹೀರೋಗಳನ್ನು ಸೇರಿಸಿಕೊಂಡ ಅನ್‌ಲಿಮಿಟೆಡ್‌ನ 39 ಕಂತು. ಒಟ್ಟು 91, ಸುಮಾರು 33 ಗಂಟೆ.

ಬಿಡಿ ಹೂವು, ಕಟ್ಟಿದ ಹೂವು ಎಂಬ ನನ್ನ ವಿಂಗಡಣೆಯನ್ನು ಕೆಡಿಸುವ ಸರಣಿ ಇದೇ. ಮೊದಲ ಭಾಗದಲ್ಲಿ ಹೆಚ್ಚಿನ ಕಥೆಗಳು ಎರಡೆರಡು ಕಂತುಗಳಲ್ಲಿ ಮುಗಿಯುತ್ತವೆ. ನೋಡುತ್ತ ಹೋದಂತೆ ಮುಗಿಯಿತೆಂದುಕೊಂಡದ್ದು ಮುಗಿದಿರಲಿಲ್ಲವೆಂದು ಗೊತ್ತಾಗುತ್ತದೆ. 'ಎ ಬೆಟರ್ ವರ್ಲ್ಡ್' ಎಂಬ ಕಥೆಯಲ್ಲಿ ಇನ್ನೊಂದು ಲೋಕದ ಇದೇ ಹೀರೋಗಳು ಜಗತ್ತಿನ ಆಡಳಿತವನ್ನೇ ಕೈಗೆ ತೆಗೆದುಕೊಂಡು ಶಾಂತಿ ಸ್ಥಾಪಿಸಿರುತ್ತಾರೆ. ಇಬ್ಬರು ಬ್ಯಾಟ್‌ಮನ್‌ಗಳು ಗುಹೆಯ ಕತ್ತಲಲ್ಲಿ ಹೊಡೆದಾಡುತ್ತ ವಾದಿಸುತ್ತಾರೆ. ಎಂಟು ವರ್ಷದ ಯಾವ ಹುಡುಗನೂ ಬಂದೂಕು ಹಿಡಿದ ಪುಂಡನೊಬ್ಬನಿಂದ ತಂದೆತಾಯಿಯನ್ನು ಕಳೆದುಕೊಳ್ಳದ ಲೋಕವನ್ನು ನಾವು ಮಾಡಿದ್ದೇವೆ ಎಂದು ಆ ಲೋಕದವನು ಹೇಳಿದಾಗ, ನಮ್ಮ ಬ್ಯಾಟ್‌ಮನ್ ಕೈಯಲ್ಲಿದ್ದ ಆಯುಧವನ್ನು ಕೆಳಗೆ ಹಾಕಿ ಸೋಲೊಪ್ಪುತ್ತಾನೆ. ತಿರುವು ಬರುವುದು ಆಮೇಲೆ. ಇಬ್ಬರೂ ಒಂದೇ ಕಾರಿನಲ್ಲಿ ಶುಭ್ರವಾದ, ಸದ್ದಿಲ್ಲದ ಆ ನಗರದಲ್ಲಿ ಹೋಗುತ್ತಿರುವಾಗ, ಹೋಟೆಲಿನ ಬಿಲ್ಲು ಸರಿಯಿಲ್ಲವೆಂದು ತಕರಾರು ತೆಗೆದ ಒಬ್ಬನನ್ನು ಪೊಲೀಸರು ಹಿಡಿದು ಎಳೆದೊಯ್ಯುತ್ತಿರುತ್ತಾರೆ. ಅಪ್ಪ ಅಮ್ಮ ಇದನ್ನು ನೋಡಿದ್ದರೆ ನಿನ್ನ ಬಗ್ಗೆ ಹೆಮ್ಮೆಪಡುತ್ತಿದ್ದರು ಎಂಬರ್ಥದ ಮಾತನ್ನು ನಮ್ಮವನು ತಣ್ಣಗೆ ಹೇಳುತ್ತಾನೆ. ಗುದ್ದಾಟದಲ್ಲಿ ಗೆಲ್ಲಲಾಗದ್ದನ್ನು ಆ ಒಂದು ಮಾತು ಗೆಲ್ಲುತ್ತದೆ. ಇಷ್ಟಕ್ಕೆ ಮುಗಿದಿದ್ದರೆ ಇದೂ ಒಂದು ಒಳ್ಳೆಯ ಬಿಡಿ ಕಥೆ. ಅನ್‌ಲಿಮಿಟೆಡ್‌ನಲ್ಲಿ ಸರ್ಕಾರದ ಒಂದು ರಹಸ್ಯ ವಿಭಾಗ, ಅಲ್ಲಿ ಆದದ್ದು ಇಲ್ಲಿ ಆಗದು ಎಂಬುದಕ್ಕೆ ಏನು ಖಾತರಿ ಎಂದು ಕೇಳುತ್ತ ಹೀರೋಗಳ ವಿರುದ್ಧವೇ ಸಿದ್ಧತೆ ನಡೆಸುತ್ತದೆ. ಅಭಿಮಾನಿಗಳು 'ಕ್ಯಾಡ್ಮಸ್ ಕಥೆ' ಎಂದು ಕರೆಯುವುದು ಇದನ್ನೇ. ಆ ಪ್ರಶ್ನೆ ಕೇಳುವವರು ಪೂರ್ತಿ ತಪ್ಪಲ್ಲ ಎಂಬುದೇ ಅದರ ಬಲ.

ದೊಡ್ಡ ಗುಂಪಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ ಎಂಬ ದೂರು ಸರಿಯಾದದ್ದೇ. ಮಾರ್ಷಿಯನ್ ಮ್ಯಾನ್‌ಹಂಟರ್ ಕೊನೆಯವರೆಗೂ ಅತಿಥಿಯಂತೆಯೇ ಉಳಿದ. ಆದರೂ ಸಿಕ್ಕ ಸಮಯದಲ್ಲಿ ಏನು ಮಾಡಬಹುದೆಂಬುದಕ್ಕೆ 'ಫ್ಲಾಶ್ ಆಂಡ್ ಸಬ್‌ಸ್ಟನ್ಸ್' ಎಂಬ ಕಂತಿದೆ. ಅಲ್ಲಿ ಫ್ಲಾಶ್ ಒಬ್ಬ ಖಳನನ್ನು ಹಿಡಿಯಲು ಹೋಗಿ, ಬಾರ್‌ನಲ್ಲಿ ಅವನ ಎದುರು ಕುಳಿತು, ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೀಯಲ್ಲವೇ ಎಂದು ಮೆಲ್ಲಗೆ ವಿಚಾರಿಸುತ್ತಾನೆ. ಆಸ್ಪತ್ರೆಗೆ ಬಂದು ನೋಡುತ್ತೇನೆಂದು ಮಾತು ಕೊಟ್ಟು ಒಪ್ಪಿಸುತ್ತಾನೆ. ಒಂದು ಗುದ್ದೂ ಬೇಕಾಗುವುದಿಲ್ಲ. ಪಕ್ಕದಲ್ಲಿದ್ದ ಬ್ಯಾಟ್‌ಮನ್ ಅಂಥವನಿಗೂ ಅದು ಪಾಠ.

ಬಾಲ್ಯದಲ್ಲಿ ಅರ್ಧ ನೋಡಿ ಬಿಟ್ಟವರಿಗೆ ನನ್ನ ಸಲಹೆ ಇದೇ ಸರಣಿ. ಮೊದಲ ಸೀಸನ್ನಿನ ಕೆಲವು ಕಥೆಗಳು ಎಳೆದಾಡುತ್ತವೆ, ಅಲ್ಲಿ ಸೂಪರ್‌ಮನ್ ಮಾತೆತ್ತಿದರೆ ಹೊಡೆತ ತಿಂದು ಬೀಳುತ್ತಾನೆ. ಸಹಿಸಿಕೊಂಡು ಎರಡನೆಯ ಸೀಸನ್‌ಗೆ ಬಂದರೆ ಗಾಡಿ ಹಳಿಗೆ ಬಂದಿರುತ್ತದೆ.

ಟೀನ್ ಟೈಟನ್ಸ್

2003ರಿಂದ 2006ರವರೆಗೆ ಬಂದ 65 ಕಂತುಗಳ ಈ ಸರಣಿ ಮಕ್ಕಳೊಂದಿಗೆ ನೋಡುವವರಿಗೆ ಬ್ಯಾಟ್‌ಮನ್ ಪಕ್ಕದಲ್ಲಿ ನಿಲ್ಲುವ ಆಯ್ಕೆ. ಜಪಾನಿನ ಅನಿಮೆ ಶೈಲಿಯ ಪ್ರಭಾವ ಎದ್ದು ಕಾಣುತ್ತದೆ. ಸಿಟ್ಟು ಬಂದರೆ ಮುಖ ಊದುತ್ತದೆ, ಕಣ್ಣು ತಟ್ಟೆಯಾಗುತ್ತದೆ. ಈ ಕೋಡಂಗಿತನದ ಕೆಳಗೆ ಒಂದು ಶಿಸ್ತಿದೆ. ಐದು ಸೀಸನ್‌ಗಳಲ್ಲಿ ಒಂದೊಂದೂ ಒಬ್ಬೊಬ್ಬರ ಒಳಗಿನ ತೊಡಕನ್ನು ಹಿಡಿದು ನಡೆಯುತ್ತದೆ: ಮೊದಲು ರಾಬಿನ್, ಆಮೇಲೆ ತಂಡಕ್ಕೆ ಹೊಸದಾಗಿ ಬರುವ ಟೆರಾ, ಬಳಿಕ ಸೈಬೋರ್ಗ್, ರೇವನ್, ಬೀಸ್ಟ್ ಬಾಯ್. ಟೆರಾಳ ಸೀಸನ್ ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ. ತನ್ನ ಶಕ್ತಿ ತನ್ನ ಹಿಡಿತಕ್ಕೆ ಸಿಗದ ಹುಡುಗಿಯೊಬ್ಬಳು ಯಾರನ್ನು ನಂಬಬೇಕೆಂದು ತಿಳಿಯದೆ ತಪ್ಪು ಮಾಡುವ ಕಥೆ ಹತ್ತು ವರ್ಷದ ಮಕ್ಕಳಿಗೂ ದಕ್ಕುತ್ತದೆ. ಕೊನೆಯ ಕಂತು ಒಂದು ಪ್ರಶ್ನೆಯನ್ನು ಬಿಡಿಸದೆ ಬಿಟ್ಟಿದೆ, ಅಭಿಮಾನಿಗಳು ಇಂದಿಗೂ ಅದರ ಮೇಲೆ ಜಗಳವಾಡುತ್ತಾರೆ. ಒಂದು ಎಚ್ಚರಿಕೆ: 2013ರಲ್ಲಿ ಆರಂಭವಾದ 'ಟೀನ್ ಟೈಟನ್ಸ್ ಗೋ!' ಇದೇ ಪಾತ್ರಗಳನ್ನಿಟ್ಟುಕೊಂಡ ಬರಿಯ ಹಾಸ್ಯ ಸರಣಿ. ಹುಡುಕಿದಾಗ ಅದೇ ಮೊದಲು ಕಣ್ಣಿಗೆ ಬೀಳಬಹುದು.

ಗ್ರೆಗ್ ವೈಸ್ಮನ್ ಅವರ ಎರಡು ಸರಣಿಗಳು

ಸಮಯ ಕಡಿಮೆ ಇರುವವರಿಗೆ, ಆದರೆ ಕಟ್ಟಿದ ಕಥೆಯೇ ಬೇಕೆನ್ನುವವರಿಗೆ, 2008–09ರ 'ದಿ ಸ್ಪೆಕ್ಟಾಕ್ಯುಲರ್ ಸ್ಪೈಡರ್-ಮ್ಯಾನ್' ಇದೆ. 26 ಕಂತು, ಒಂಬತ್ತೂವರೆ ಗಂಟೆ. ಮೊದಲ ಸೀಸನ್ನಿನ 13 ಕಂತುಗಳನ್ನು ಜೀವಶಾಸ್ತ್ರ, ಅರ್ಥಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ ಎಂದು ಕಾಲೇಜಿನ ವಿಷಯಗಳಂತೆ ಗುಂಪು ಮಾಡಿ, ಕಂತಿನ ಹೆಸರುಗಳನ್ನೂ ಆಯಾ ಶಾಸ್ತ್ರದಿಂದಲೇ ಆರಿಸಿದ್ದಾರೆ. ಓದಿನಲ್ಲಿ ಮುಳುಗಿರಬೇಕಾದ ಹುಡುಗನ ಕಥೆಗೆ ತಕ್ಕ ಚೇಷ್ಟೆ. ಕಾರಣ, ಕಾರ್ಯಗಳ ಲೆಕ್ಕದಲ್ಲಿ ಇಷ್ಟು ಅಚ್ಚುಕಟ್ಟಾದ ಸೂಪರ್‌ಹೀರೋ ಕಥೆ ಅಪರೂಪ. ಮುಂದೆ ದೈತ್ಯಶಕ್ತಿ ಪಡೆದು ಸ್ಯಾಂಡ್‌ಮ್ಯಾನ್, ರೈನೋ ಆಗುವ ಇಬ್ಬರು ಮೊದಲ ಕಂತಿನಲ್ಲಿ ಬರಿಯ ಬೀದಿ ಕಳ್ಳರು. ಮತ್ತೆ ಮತ್ತೆ ಸ್ಪೈಡರ್-ಮ್ಯಾನ್‌ನಿಂದ ಪೆಟ್ಟು ತಿಂದು ಅವಮಾನ ಪಡುತ್ತಾರೆ, ಆ ಅವಮಾನವೇ ಅವರನ್ನು ಪ್ರಯೋಗಶಾಲೆಯ ಬಾಗಿಲಿಗೆ ತರುತ್ತದೆ. ಊರಿನ ಪಾತಕಲೋಕದ ಒಡೆಯ ಇಂಥ ದೈತ್ಯರನ್ನು ತಯಾರಿಸಲು ಹಣ ಸುರಿಯುವುದೂ ವಿನಾಕಾರಣವಲ್ಲ: ಸ್ಪೈಡರ್-ಮ್ಯಾನ್ ದೈತ್ಯರ ಹಿಂದೆ ಓಡುತ್ತಿದ್ದರೆ ತನ್ನ ದಿನದ ದಂಧೆ ನಿರಾತಂಕ. ಪೀಟರನ ಮನೆಯಲ್ಲಿ ದುಡ್ಡಿನ ಅಡಚಣೆ, ಸ್ನೇಹಿತರೊಂದಿಗೆ ಮುರಿದ ಮಾತು, ತಡವಾಗಿ ಮನೆ ಸೇರಿದ್ದಕ್ಕೆ ಹೇಳಿದ ಸುಳ್ಳು, ಯಾವುದನ್ನೂ ಕಥೆ ಮರೆಯುವುದಿಲ್ಲ. ಪಾತ್ರಗಳ ಚಿತ್ರಣ ದೊಡ್ಡ ಕಣ್ಣಿನ ಸರಳ ರೇಖೆಗಳದ್ದಾಗಿರುವುದರಿಂದ ಮೊದಲ ನೋಟಕ್ಕೆ ಪುಟ್ಟ ಮಕ್ಕಳದ್ದೆಂದು ತೋರಬಹುದು. ಹತ್ತು ನಿಮಿಷದಲ್ಲಿ ಆ ಭ್ರಮೆ ಹರಿಯುತ್ತದೆ. ನಿಜವಾದ ಕೊರತೆ ಒಂದೇ. ಹಕ್ಕುಗಳು ಸೋನಿಯಿಂದ ಮಾರ್ವೆಲ್‌ಗೆ ಹಿಂದಿರುಗಿದ್ದರಿಂದ ಸರಣಿ ಎರಡನೆಯ ಸೀಸನ್‌ಗೆ ನಿಂತುಹೋಯಿತು, ಹಲವು ಎಳೆಗಳು ಗಾಳಿಯಲ್ಲಿಯೇ ಉಳಿದವು.

'ಯಂಗ್ ಜಸ್ಟಿಸ್' ಅನ್ನು ವೈಸ್ಮನ್ ಬ್ರಾಂಡನ್ ವಿಯೆಟ್ಟಿ ಜೊತೆಗೂಡಿ ಮಾಡಿದರು. ದೊಡ್ಡ ಹೀರೋಗಳ ಶಿಷ್ಯರ ಕಥೆ ಇದು. ಆರಂಭವೇ ಅವಮಾನದಿಂದ: ಲೀಗ್‌ನ ಕಚೇರಿಗೆ ಕೊನೆಗೂ ಪ್ರವೇಶ ಸಿಕ್ಕಿತೆಂದು ಹಿಗ್ಗುತ್ತ ಬಂದ ಹುಡುಗರಿಗೆ, ಇದು ಜನರಿಗೆ ತೋರಿಸಲೆಂದು ಕಟ್ಟಿದ್ದು, ನಿಜವಾದ ನೆಲೆ ಬಾಹ್ಯಾಕಾಶದಲ್ಲಿದೆ ಎಂದು ತಮ್ಮಲ್ಲೇ ಒಬ್ಬನ ಬಾಯಿಂದ ಗೊತ್ತಾಗುತ್ತದೆ. ಸೂಪರ್‌ಮನ್‌ನ ಅಂಶದಿಂದ ಪ್ರಯೋಗಶಾಲೆಯಲ್ಲಿ ಹುಟ್ಟಿದ ಸೂಪರ್‌ಬಾಯ್ ಆತನ ಒಂದು ನೋಟಕ್ಕಾಗಿ ಹಂಬಲಿಸುತ್ತಾನೆ. ಸೂಪರ್‌ಮನ್ ಮುಖ ತಿರುಗಿಸುತ್ತಾನೆ. ಲೋಕವನ್ನೆಲ್ಲ ಎತ್ತಿ ಹಿಡಿಯುವವನು ಒಬ್ಬ ಹುಡುಗನ ಎದುರು ಹೀಗೆ ಸಣ್ಣವನಾಗುವುದನ್ನು ತೋರಿಸಲು ಧೈರ್ಯ ಬೇಕು. ಮೊದಲ ಸೀಸನ್ನಿನ 26 ಕಂತುಗಳನ್ನು ಹೋಲಿಸಲು ಬೇರೆ ಇಲ್ಲ ಎಂದೇ ನನ್ನ ಭಾವನೆ. ಎರಡನೆಯದು ಐದು ವರ್ಷ ಮುಂದಕ್ಕೆ ಜಿಗಿಯುತ್ತದೆ. ನಡುವೆ ಏನಾಯಿತೆಂದು ಹೇಳದೆ, ನೀವೇ ಊಹಿಸಿಕೊಳ್ಳಿ ಎಂದು ಬಿಡುತ್ತದೆ. ತೆರೆಯ ಮೂಲೆಯಲ್ಲಿ ಮೂಡುವ ಊರು, ತಾರೀಖು, ಗಂಟೆಗಳನ್ನು ಗಮನಿಸುವ ಅಭ್ಯಾಸ ಬೇಕಾಗುತ್ತದೆ. 46 ಕಂತುಗಳ ಬಳಿಕ 2013ರಲ್ಲಿ ನಿಂತಿತು. ಆಟಿಕೆಗಳ ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲವೆಂಬುದೇ ಕಾರಣವೆಂದು ವೈಸ್ಮನ್ ಆಮೇಲೆ ಹೇಳಿದ್ದಾರೆ. ಅಭಿಮಾನಿಗಳ ಒತ್ತಾಯದ ಬಲದಿಂದ 2019ರಲ್ಲಿ ಮತ್ತೆ ಬಂದು ಇನ್ನೂ ಎರಡು ಸೀಸನ್ ನಡೆಯಿತು. ಒಟ್ಟು 98 ಕಂತು. ಹಿಂದಿರುಗಿ ಬಂದ ಭಾಗದಲ್ಲಿ ಪಾತ್ರಗಳು ಹೆಚ್ಚಿ, ಯಾರ ಕಥೆ ಎಲ್ಲಿಗೆ ಬಂತೆಂದು ನೆನಪಿಡುವುದೇ ಒಂದು ಕೆಲಸವಾಯಿತು, ಹಿಂಸೆಯೂ ಏರಿತು. ಅದನ್ನು ಪ್ರೀತಿಸುವವರು ಇದ್ದಾರೆ, ಅವರೊಂದಿಗೆ ನನ್ನ ಜಗಳವಿಲ್ಲ. ಆದರೆ ಹೊಸಬರು 46ನೆಯ ಕಂತಿನಲ್ಲಿ, ಸುಮಾರು 17 ಗಂಟೆಗಳ ಬಳಿಕ, ಒಮ್ಮೆ ನಿಂತು ಯೋಚಿಸುವುದು ಒಳ್ಳೆಯದು.

ಇನ್ವಿನ್ಸಿಬಲ್

ರಾಬರ್ಟ್ ಕರ್ಕ್‌ಮನ್ ಬರೆದ, 2003ರಿಂದ 2018ರವರೆಗೆ 144 ಸಂಚಿಕೆಗಳಲ್ಲಿ ಬಂದ ಕಾಮಿಕ್ಸ್ ಇದರ ಮೂಲ. ಪ್ರೈಮ್ ವಿಡಿಯೋದಲ್ಲಿ 2021ರ ಮಾರ್ಚ್‌ನಲ್ಲಿ ಆರಂಭವಾಯಿತು. ಸೀಸನ್‌ಗೆ ಎಂಟು ಕಂತು, ಒಂದೊಂದು ಕಂತೂ ಮುಕ್ಕಾಲು ಗಂಟೆಯ ಆಸುಪಾಸು. ಇದು ವಯಸ್ಕರಿಗೆ ಮಾತ್ರ. ರಕ್ತವನ್ನು ಮುಚ್ಚಿಡುವುದಿಲ್ಲ, ಕಟ್ಟಡ ಕುಸಿದರೆ ಅದರೊಳಗಿದ್ದವರಿಗೆ ಏನಾಯಿತೆಂದು ತೋರಿಸಿಯೇ ಮುಂದೆ ಹೋಗುತ್ತದೆ. ಬಣ್ಣಬಣ್ಣದ ಉಡುಪಿನ ಹುಡುಗನ ಚಿತ್ರ ನೋಡಿ ಮಕ್ಕಳಿಗೆ ಹಾಕಿಕೊಟ್ಟವರು ಮೊದಲ ಕಂತು ಮುಗಿಯುವಷ್ಟರಲ್ಲಿ ರಿಮೋಟ್ ಹುಡುಕುತ್ತಾರೆ.

ಕಥೆ ಹೇಳುವ ದೃಷ್ಟಿಯಿಂದ ಇದರ ಜಾಣತನ ಒಂದು ಸ್ಥಳಾಂತರದಲ್ಲಿದೆ. ಮೂಲ ಕಾಮಿಕ್ಸ್‌ನಲ್ಲಿ ಏಳನೆಯ ಸಂಚಿಕೆಯವರೆಗೆ ಕಾದಿಟ್ಟ ಒಂದು ಘಟನೆಯನ್ನು ಸರಣಿ ಮೊದಲ ಕಂತಿನ ತುದಿಗೇ ತಂದಿದೆ. ಹಾಗಾಗಿ ನೋಡುವವರಿಗೆ ಗೊತ್ತಿರುವುದು ಹುಡುಗ ಮಾರ್ಕ್‌ಗೆ ಗೊತ್ತಿಲ್ಲ, ಅವನ ತಾಯಿ ಡೆಬ್ಬಿಗೂ ಗೊತ್ತಿಲ್ಲ. ಊಟದ ಮೇಜಿನ ಸುತ್ತ ನಡೆಯುವ ಅತ್ಯಂತ ಸಾಧಾರಣ ಮಾತುಕತೆಯೂ ಉಸಿರು ಬಿಗಿಹಿಡಿಯುವಂತಾಗುತ್ತದೆ. ಯಾವ ಶಕ್ತಿಯೂ ಇಲ್ಲದ ಡೆಬ್ಬಿಯ ಪಾತ್ರ ಕಾಮಿಕ್ಸ್‌ಗಿಂತ ಇಲ್ಲಿ ಬಹಳ ಬೆಳೆದಿದೆ. ಮೊದಲ ಸೀಸನ್ನಿನ ನಿಜವಾದ ನಾಯಕಿ ಅವಳೇ ಎಂದು ವಾದಿಸುವವರಲ್ಲಿ ನಾನೂ ಒಬ್ಬ. ಹೊಡೆದಾಟದ ಚಲನೆಯ ಮಟ್ಟ ಕೆಲವೆಡೆ ಇಳಿಯುತ್ತದೆ. ಎರಡನೆಯ ಸೀಸನ್ ಎರಡು ತುಂಡಾಗಿ, 2023ರ ನವೆಂಬರ್‌ನಲ್ಲಿ ನಾಲ್ಕು, 2024ರಲ್ಲಿ ನಾಲ್ಕು ಕಂತುಗಳಾಗಿ ಬಂದದ್ದರಿಂದ ವಾರವಾರ ನೋಡಿದವರಿಗೆ ಓಘ ತಪ್ಪಿತು. ಈಗ ಒಟ್ಟಿಗೆ ನೋಡುವವರಿಗೆ ಆ ತೊಂದರೆಯಿಲ್ಲ.

ಹಣ, ಭಾಷೆ, ಬಿಡುವು

ಇವೆಲ್ಲ ಒಂದೇ ಒಟಿಟಿಯಲ್ಲಿ ಸಿಗುವುದಿಲ್ಲ. ಇನ್ವಿನ್ಸಿಬಲ್‌ಗೆ ಪ್ರೈಮ್ ಬೇಕೇ ಬೇಕು; ಎಕ್ಸ್‌-ಮೆನ್ '97 ಡಿಸ್ನಿಯದಾದ್ದರಿಂದ ಭಾರತದಲ್ಲಿ ಹಾಟ್‌ಸ್ಟಾರ್‌ಗೆ ಬಂತು. ಬ್ಯಾಟ್‌ಮನ್, ಜಸ್ಟಿಸ್ ಲೀಗ್, ಟೈಟನ್ಸ್, ಯಂಗ್ ಜಸ್ಟಿಸ್ ನಾಲ್ಕೂ ವಾರ್ನರ್ ಬ್ರದರ್ಸ್‌ಗೆ ಸೇರಿದವು, ಇಲ್ಲಿನ ವೇದಿಕೆಗಳಲ್ಲಿ ಬರುತ್ತವೆ, ಹೋಗುತ್ತವೆ. ಆದ್ದರಿಂದ ಮೊದಲು ಹೆಸರು ಹಾಕಿ ಹುಡುಕಿ, ಇಂದು ಎಲ್ಲಿದೆಯೆಂದು ಖಚಿತಪಡಿಸಿಕೊಂಡು, ವರ್ಷದ ಬದಲು ಒಂದು ತಿಂಗಳಿಗೆ ಮಾತ್ರ ಹಣ ಕಟ್ಟುವುದು ವಿವೇಕ. ದಿನಕ್ಕೆ ಒಂದು ಗಂಟೆಯಂತೆ ಲೆಕ್ಕ ಹಾಕಿದರೆ ತಿಂಗಳಲ್ಲಿ 30 ಗಂಟೆ. ಸ್ಪೈಡರ್-ಮ್ಯಾನ್ ಮುಗಿಸಿ ಯಂಗ್ ಜಸ್ಟಿಸ್‌ನ ಮೊದಲೆರಡು ಸೀಸನ್‌ಗಳನ್ನೂ ಮುಗಿಸಲು ಸಾಕು. ಟೀನ್ ಟೈಟನ್ಸ್‌ನ 24 ಗಂಟೆಯೂ ಅದರೊಳಗೆ ಬರುತ್ತದೆ, ಜಸ್ಟಿಸ್ ಲೀಗ್ ಮಾತ್ರ ಸ್ವಲ್ಪ ಉಕ್ಕುತ್ತದೆ.

ಇಂಗ್ಲಿಷ್ ಸರಾಗವಾಗಿ ಅರ್ಥವಾಗದ ಮಕ್ಕಳಿದ್ದರೆ ಬಿಡಿ ಕಂತುಗಳ ಬ್ಯಾಟ್‌ಮನ್ ಹೆಚ್ಚು ಅನುಕೂಲ. ಅದರಲ್ಲಿ ಅರ್ಧ ಕಥೆಯನ್ನು ನೆರಳು, ಸಂಗೀತಗಳೇ ಹೇಳುತ್ತವೆ, ಉಳಿದದ್ದನ್ನು ನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿಕೊಟ್ಟರೆ ಏನೂ ಕೆಡುವುದಿಲ್ಲ. ಯಂಗ್ ಜಸ್ಟಿಸ್‌ನಲ್ಲಿ ಹಾಗೆ ನಿಲ್ಲಿಸುತ್ತ ಹೋದರೆ ನೀವೇ ದಾರಿ ತಪ್ಪುತ್ತೀರಿ. ಎರಡು ಸರಣಿಗಳ ನಡುವೆ ತೂಗಾಡುತ್ತಿರುವ ದಂಪತಿಗಳಿಗೆ, ಒಬ್ಬರಿಗೆ ವಾದ ಇಷ್ಟ, ಇನ್ನೊಬ್ಬರಿಗೆ ಭಾವುಕತೆ ಇಷ್ಟ ಎಂದಾದರೆ, 'ಎ ಬೆಟರ್ ವರ್ಲ್ಡ್'ನ ಎರಡು ಕಂತುಗಳನ್ನು ಮೊದಲು ಹಾಕಿ ನೋಡಲು ಹೇಳುತ್ತೇನೆ. ಅದು ಹಿಡಿಸಿದರೆ ಜಸ್ಟಿಸ್ ಲೀಗ್. ವಾದ ಸಾಕು, ಮನೆಯೊಳಗಿನ ಕಥೆ ಬೇಕು ಎನಿಸಿದರೆ ಸ್ಪೈಡರ್-ಮ್ಯಾನ್.

ಕಾರ್ಟೂನ್ ಮಕ್ಕಳದ್ದು ಎನ್ನುವ ಆ ಮೂರನೆಯವರಿಗೆ ಮೊದಲು 'ಹಾರ್ಟ್ ಆಫ್ ಐಸ್' ಹಾಕಿ ಕೊಡಿ. 22 ನಿಮಿಷ ಹೋದರೆ ಯಾರೂ ಬಡವಾಗುವುದಿಲ್ಲ. ಅದಕ್ಕೂ ಜಗ್ಗದಿದ್ದರೆ, ಮಕ್ಕಳು ಮಲಗಿದ ಮೇಲೆ, ಇನ್ವಿನ್ಸಿಬಲ್‌ನ ಮೊದಲ ಕಂತು ಹಾಕಿ. ಕಂತು ಮುಗಿಯಿತೆಂದು ಅವರು ನೀರು ಕುಡಿಯಲು ಏಳಹೊರಟರೆ ಕೈ ಹಿಡಿದು ಕೂರಿಸಿ, ಇನ್ನೂ ಐದು ನಿಮಿಷ ಇದೆ ಎನ್ನಿ.